ಬರೂದಾದ್ರ ಎಳ್ಳಮಾಸಿಗಿ ಬಾ

ಸರ್ಕಾರಿ ನೌಕರರ ಮನೆಯಲ್ಲಿ ಬೆಳೆದ ಹಳೆ ಮೈಸೂರಿನ ಮಕ್ಕಳಿಗೆ ರಾಯಚೂರು ಮೊದಲು ಕಿವಿಗೆ ಬೀಳುವುದು ಬೆದರಿಕೆಯಾಗಿ. ಅಪ್ಪನ ಕಚೇರಿಯಲ್ಲಿ ಯಾರಾದರೂ ಮೇಲಧಿಕಾರಿಗೆ ಎದುರು ಮಾತಾಡಿದರೆ ಸಾಕು, ‘ರಾಯಚೂರಿಗೆ ಎತ್ತಿ ಹಾಕ್ತಾರೆ ನೋಡ್ತಿರು’ ಎನ್ನುವ ಮಾತು ಸಂಜೆ ಕಾಫಿಯ ಹೊತ್ತಿಗೆ ನಮ್ಮ ಮನೆಗೂ ಬರುತ್ತಿತ್ತು. ಮೇ ತಿಂಗಳಲ್ಲಿ ಪತ್ರಿಕೆಯ ಹವಾಮಾನದ ಮೂಲೆಯಲ್ಲಿ 42, 43 ಎಂಬ ಅಂಕಿಯ ಪಕ್ಕ ಆ ಊರಿನ ಹೆಸರಿರುತ್ತಿತ್ತು. ಉಳಿದಂತೆ ಅದು ಮಂತ್ರಾಲಯಕ್ಕೆ ಹೋದವರು ‘ಅಲ್ಲಿಂದ ಹತ್ತಿರವಂತೆ’ ಎಂದು ಹೇಳಿ ಮರೆಯುವ ಊರು. ನೋಡಲೆಂದು ಹೋದವರನ್ನು ನಾನು ಕಂಡಿರಲಿಲ್ಲ.

ನನಗೊಬ್ಬಳು ಗೆಳತಿ ಇದ್ದದ್ದರಿಂದ ಹೋಗಬೇಕಾಯಿತು. ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವಳು. ಮಾನ್ವಿ ತಾಲ್ಲೂಕಿನ ಹಳ್ಳಿಯ ಹುಡುಗಿ, ಈಗ ರಾಯಚೂರಿನಲ್ಲಿ ಉಪನ್ಯಾಸಕಿ. ಮದುವೆ, ಬಾಣಂತನ, ಗೃಹಪ್ರವೇಶ ಎಲ್ಲಕ್ಕೂ ಕರೆದಳು. ಎಲ್ಲಕ್ಕೂ ನನ್ನ ಬಳಿ ಒಂದೊಂದು ನೆಪ ಇತ್ತು. ಕೊನೆಗೆ ಒಂದು ಏಪ್ರಿಲ್‌ನಲ್ಲಿ ‘ಬರ್ತೀನಿ ಕಣೇ’ ಎಂದು ನಾನೇ ಫೋನ್ ಮಾಡಿದರೆ ಅವಳು ಗದರಿಸಿದಳು. ‘ಈಗ ಬಂದ್ರ ನಿನ್ನ ಟೇಶನ್ನಿಂದನ ವಾಪಸ್ ಕಳಸ್ತೀನಿ. ಬರೂದಾದ್ರ ಎಳ್ಳಮಾಸಿಗಿ ಬಾ. ಆವಾಗ ನಮ್ಮೂರು ನೋಡೂವಂಗ ಇರ್ತದ.’

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ. ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬೀಳುತ್ತದೆ. ಮೈಸೂರು ಸೀಮೆಯವರಿಗೆ ಅದು ಕ್ಯಾಲೆಂಡರಿನಲ್ಲಿರುವ ಹೆಸರು ಮಾತ್ರ. ಕಲ್ಯಾಣ ಕರ್ನಾಟಕದಲ್ಲಿ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ.

ಬೆಂಗಳೂರಿನಿಂದ ರಾಯಚೂರಿಗೆ ಹೋಗುವ ರಾತ್ರಿ ರೈಲು ಬಹುಪಾಲು ಆಂಧ್ರದಲ್ಲೇ ಓಡುತ್ತದೆ. ಧರ್ಮಾವರಂ, ಅನಂತಪುರ, ಗುಂತಕಲ್, ಆದೋನಿ. ಮಂತ್ರಾಲಯಂ ರೋಡಿನಲ್ಲಿ ಅರ್ಧ ಬೋಗಿ ಖಾಲಿಯಾಗುತ್ತದೆ. ಟವಲು ಹೆಗಲಿಗೆ ಹಾಕಿಕೊಂಡವರು, ಮಕ್ಕಳ ಕೈ ಹಿಡಿದವರು ಎಲ್ಲ ಇಳಿಯುತ್ತಾರೆ. ಅಲ್ಲಿಂದ ಮುಂದೆ ತುಂಗಭದ್ರೆಯ ಸೇತುವೆ. ಅದನ್ನು ದಾಟಿದರೆ ಮತ್ತೆ ಕರ್ನಾಟಕ. ಸ್ವಂತ ರಾಜ್ಯದ ಒಂದು ಜಿಲ್ಲಾ ಕೇಂದ್ರಕ್ಕೆ ಹೋಗಲು ಪಕ್ಕದ ರಾಜ್ಯ ಹಾದು ನದಿ ದಾಟಬೇಕು ಎಂಬುದು ನಕ್ಷೆಯಲ್ಲಿ ನೋಡಿದಾಗ ಹೊಳೆಯುವುದಿಲ್ಲ. ರೈಲಿನ ಲೆಕ್ಕದಲ್ಲಾದರೆ ಈ ಊರು ಮೂಲೆಯದ್ದಲ್ಲ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ಮುಂಬಯಿಗೂ ಮದ್ರಾಸಿಗೂ ಹಳಿ ಜೋಡಿಸಿದ ಊರು ಇಂದು ಬೆಂಗಳೂರಿಗೆ ದೂರ.

ನಿಲ್ದಾಣದ ಹೊರಗೆ ಬೆಳಗಿನ ಚಳಿ ಹದವಾಗಿತ್ತು. ರಾಯಚೂರಿನ ಡಿಸೆಂಬರ್ ಬೆಳಗು 15ರಿಂದ 18 ಡಿಗ್ರಿಯ ಆಸುಪಾಸು. ಬೆಂಗಳೂರಿನವರಿಗೆ ಒಂದು ಶಾಲು ಸಾಕು. ಊರಿನವರು ಮಾತ್ರ ಮಂಕಿ ಟೋಪಿ, ಸ್ವೆಟರು, ಮೇಲೊಂದು ಕಂಬಳಿ ಹೊದ್ದು, ಕಿವಿಗೆ ಮಫ್ಲರು ಸುತ್ತಿ, ಟೈರು ಸುಟ್ಟ ಬೆಂಕಿಯ ಸುತ್ತ ಕೂತಿದ್ದರು. ‘ಭಾಳ ಥಂಡಿ ಐತ್ರಿ ಈ ಸಲ’ ಎಂದರು ಆಟೋದವರು. ನಲವತ್ತೆರಡು ಡಿಗ್ರಿ ತಡೆಯುವ ಮೈಗೆ ಹದಿನಾರು ಡಿಗ್ರಿ ನಿಜವಾಗಿಯೂ ಥಂಡಿಯೇ ಇರಬೇಕು.

ತಿಂಡಿ ಮನೆಯಲ್ಲಲ್ಲ, ಹೊರಗೇ ಆಗಬೇಕೆಂದು ಗೆಳತಿಯ ಹಟ. ಒಗ್ಗಾಣಿ ಮಿರ್ಚಿ. ಮಂಡಾಳು, ಅಂದರೆ ನಮ್ಮ ಕಡಲೆಪುರಿ, ನೆನೆಸಿ ಹಿಂಡಿ, ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ ಹಿಟ್ಟು ಉದುರಿಸುತ್ತಾರೆ. ಪಕ್ಕದ ಬಾಣಲೆಯಿಂದ ಬಿಸಿ ಮಿರ್ಚಿ ಭಜಿ. ಬೆಳಿಗ್ಗೆ ಏಳು ಗಂಟೆಗೆ ಮೆಣಸಿನಕಾಯಿ ಬಜ್ಜಿ ತಿನ್ನುವ ಜಿಲ್ಲೆಯ ಬಗ್ಗೆ ನಮ್ಮ ಕಡೆಯವರಿಗೆ ಸ್ವಲ್ಪ ಭಯಭಕ್ತಿ ಇರಬೇಕು. ಆಮೇಲೆ ಹೈದರಾಬಾದಿನ ಶೈಲಿಯ ಗಟ್ಟಿ ಚಹಾ, ಅದರೊಳಗೆ ಅದ್ದಲು ಖಾರಾ ಬಿಸ್ಕೀಟು. ಅಂಗಡಿಯವರು ಒಂದೇ ಉಸಿರಿನಲ್ಲಿ ಒಬ್ಬರಿಗೆ ಕನ್ನಡದಲ್ಲಿ ಚಿಲ್ಲರೆ ಕೇಳಿ, ಇನ್ನೊಬ್ಬರಿಗೆ ಉರ್ದುವಿನಲ್ಲಿ ಬೈದು, ಮೂರನೆಯವರಿಗೆ ತೆಲುಗಿನಲ್ಲಿ ದಾರಿ ಹೇಳಿದರು. ತೀನ್ ಕಂದೀಲ್, ಏಕ್ ಮಿನಾರ್, ಖಾಸಬಾವಿ, ಮಾವಿನಕೆರೆ: ಊರಿನ ಗುರುತುಗಳೇ ಹೀಗೆ ಬೆರಕೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆ, 1956ರ ನವೆಂಬರ್‌ನಿಂದ ಮೈಸೂರು ರಾಜ್ಯ. ನಾಲಗೆಯ ಮೇಲೆ ಯಾವುದೂ ಪೂರ್ತಿ ಅಳಿದಿಲ್ಲ.

ಕೋಟೆ ಬಸ್ ನಿಲ್ದಾಣಕ್ಕೆ ಹತ್ತಿರವೇ. ಹತ್ತಿರ ಎನ್ನುವುದೇ ಅದರ ತೊಂದರೆ. ಗೋಡೆಗೆ ಅಂಗಡಿ, ಗೋಡೆಗೆ ಮನೆ, ಗೋಡೆಗೆ ಇನ್ನೇನೇನೋ ಒರಗಿವೆ. ಹೊರಸುತ್ತು ಆದಿಲ್‌ಶಾಹಿಗಳದ್ದು; ಮೆಕ್ಕಾ ದರ್ವಾಜ, ನವರಂಗ ದರ್ವಾಜ, ಕಾಟಿ ದರ್ವಾಜ ಎಂದು ಬಾಗಿಲುಗಳು. ಒಳಸುತ್ತು ಅದಕ್ಕಿಂತ ಹಳೆಯದು, ಕಾಕತೀಯರ ಕಾಲದ್ದು: ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಎಬ್ಬಿಸಿದ ಗೋಡೆ. ಅದರಲ್ಲಿ ಒಂದು ಕಲ್ಲಿದೆ. ಉದ್ದ 41 ಅಡಿಗೂ ಮೀರಿ. ಅದರ ಮೇಲೆ ತೆಲುಗು ಶಾಸನ: ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಈ ಕೋಟೆ ಕಟ್ಟಿಸಿದ ಸಂಗತಿ.

ಶಾಸನ ಓದಲು ನನಗೆ ಬರುವುದಿಲ್ಲ. ಕಲ್ಲಿನ ಮೇಲೆ ಗೆರೆಯಲ್ಲಿ ಕೊರೆದ ಚಿತ್ರವನ್ನು ಯಾರೂ ಓದಬಹುದು. ಆ ಕಲ್ಲನ್ನು ಅಲ್ಲಿಗೆ ತಂದದ್ದು ಹೇಗೆ ಎಂಬುದೇ ಚಿತ್ರ. ಅರೆಕಾಲಿಲ್ಲದ ಗಟ್ಟಿ ಗಾಲಿಗಳ ಬಂಡಿ. ಅದರ ಮೇಲೆ ಮಲಗಿಸಿದ ಬಂಡೆ. ಮುಂದೆ ಸಾಲು ಸಾಲು ಕೋಣಗಳ ಜೋಡಿ. ಪ್ರತಿ ಜೋಡಿಗೂ ಒಬ್ಬ ಹೊಡೆಯುವವ. ಹಿಂದೆ ಸನ್ನೆಕೋಲು ಕೊಟ್ಟು ಗಾಲಿಯನ್ನು ಮುಂದಕ್ಕೆ ಎಬ್ಬುತ್ತಿರುವ ಆಳುಗಳು. ಏಳು ಶತಮಾನದ ಬಿಸಿಲಿಗೆ ಗೆರೆಗಳು ಮಾಸಿವೆ. ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಚೆನ್ನಾಗಿ ಎದ್ದು ಕಾಣುತ್ತವೆ, ಮಧ್ಯಾಹ್ನ ಹೋದರೆ ಬರೀ ಕಲ್ಲು. ಕೋಟೆ ಕಟ್ಟಿಸಿದವರ ಹೊಗಳಿಕೆ ನಾಡಿನ ತುಂಬ ಇದೆ. ಕಲ್ಲು ಎಳೆದವರ ಚಿತ್ರವನ್ನು ಅದೇ ಕಲ್ಲಿನ ಮೇಲೆ ಬರೆಸಿದ್ದು ನಾನು ಬೇರೆಲ್ಲೂ ನೋಡಿಲ್ಲ. ಹಂಪಿಗೆ ಹೋಗುವ ಬಸ್ಸುಗಳಲ್ಲಿ ಹತ್ತರಲ್ಲೊಂದು ಇಲ್ಲಿಗೆ ತಿರುಗಿದರೂ ಆ ಗೋಡೆಯ ಪಾಡು ಬೇರೆಯಾಗುತ್ತಿತ್ತು.

ಈ ಕೋಟೆಗಾಗಿ, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ, ವಿಜಯನಗರದವರೂ ಬಹಮನಿಗಳೂ ಆಮೇಲೆ ಆದಿಲ್‌ಶಾಹಿಗಳೂ ಇನ್ನೂರು ವರ್ಷ ಹೊಡೆದಾಡಿದರು. ಅದರಲ್ಲಿ ದೊಡ್ಡದು 1520ರದ್ದು. ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದಾನೆ, ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣೆ ದಾಟಿ ಎದುರಿಗೆ ಬಂದಿದ್ದಾನೆ. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟ ಪ್ರಕಾರ, ಶುಕ್ರವಾರ ಅಶುಭ, ಶನಿವಾರ ಏರಿ ಹೋಗೋಣ ಎಂದು ಮಂತ್ರಿಗಳು ರಾಯನನ್ನು ತಡೆದರಂತೆ. ಅದು ಮೇ 19, ಶನಿವಾರ ಎಂದು ಇತಿಹಾಸಕಾರ ರಾಬರ್ಟ್ ಸೂವೆಲ್ ಲೆಕ್ಕ ಹಾಕಿದ. ರಾಯನೂ ವಾರಾಂತ್ಯವನ್ನೇ ಆರಿಸಿಕೊಂಡ ಎಂದಾಯಿತು. ತಿಂಗಳು ಆರಿಸುವುದರಲ್ಲಿ ಮಾತ್ರ ನನ್ನ ಗೆಳತಿಯನ್ನು ಕೇಳಬೇಕಿತ್ತು. ಯುದ್ಧ ಗೆದ್ದರೂ ಕೋಟೆ ಕೂಡಲೇ ಬಗ್ಗಲಿಲ್ಲ. ಕ್ರಿಸ್ಟೊವಾವೊ ದ ಫಿಗೆರೆಡೊ ಎಂಬ ಪೋರ್ಚುಗೀಸ್ ಸಾಹಸಿ ತನ್ನ ಬಂದೂಕಿನವರೊಡನೆ ಬಂದು ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆಯತೊಡಗಿದ ಮೇಲೆ ಕೆಳಗಿನವರಿಗೆ ಕಲ್ಲು ಕೀಳುವುದು ಸುಲಭವಾಯಿತು. ಏನಾಗುತ್ತಿದೆ ಎಂದು ಬಗ್ಗಿ ನೋಡಿದ ಕೋಟೆಯ ಅಧಿಕಾರಿಯ ಹಣೆಗೇ ಗುಂಡು ಬಿತ್ತು. ದಖ್ಖನಿನ ಕೋಟೆ ಯುದ್ಧದಲ್ಲಿ ಬಂದೂಕು ಲೆಕ್ಕಕ್ಕೆ ಬಂದ ಮೊದಲ ಸಂದರ್ಭಗಳಲ್ಲಿ ಇದೂ ಒಂದು. ಇಷ್ಟೆಲ್ಲ ನಡೆದ ಜಾಗದಲ್ಲಿ ನಮ್ಮ ಜೊತೆಗಿದ್ದವರು ಕ್ರಿಕೆಟ್ ಆಡುವ ಆರೇಳು ಹುಡುಗರು ಮತ್ತು ಮೂರು ಆಡು.

ಏಕ್ ಮಿನಾರ್ ಮಸೀದಿಯ ಒಂಟಿ ಮಿನಾರು ಬಹಮನಿ ಕಾಲದ್ದು, ಸುಮಾರು 65 ಅಡಿ ಎತ್ತರ. ಹೊರಗಿನಿಂದ ನೋಡಿ ಮುಂದೆ ಹೋದೆವು. ಗೆಳತಿಗೆ ನನ್ನನ್ನು ಗಂಜಿಗೆ ಕರೆದೊಯ್ಯುವ ಆತುರ.

ರಾಜೇಂದ್ರ ಗಂಜ್ ರಾಯಚೂರಿನ ಎಪಿಎಂಸಿ. ಡಿಸೆಂಬರ್‌ನಲ್ಲಿ ಅಲ್ಲಿ ಹತ್ತಿಯದೇ ರಾಜ್ಯ. ಟ್ರ್ಯಾಕ್ಟರು, ಗೂಡ್ಸ್ ಆಟೋಗಳ ಮೇಲೆ ಮನೆಯೆತ್ತರ ಒಟ್ಟಿದ ಅಂಡಿಗೆಗಳು. ವ್ಯಾಪಾರಿ ಬರುತ್ತಾನೆ, ಅಂಡಿಗೆಯ ಬಾಯಿ ಬಿಚ್ಚಿಸಿ ಒಳಗೆ ಮೊಣಕೈವರೆಗೆ ತೋಳು ಇಳಿಸಿ, ಮೇಲಿನ ಹತ್ತಿಯನ್ನಲ್ಲ, ಅಡಿಯದ್ದನ್ನು ಒಂದು ಹಿಡಿ ತೆಗೆಯುತ್ತಾನೆ. ಎರಡು ಬೆರಳಿನ ನಡುವೆ ಎಳೆ ಎಳೆದು ಉದ್ದ ನೋಡುತ್ತಾನೆ. ಆಮೇಲೆ ಅಂಗೈಯಲ್ಲಿ ಅದುಮಿ ಬಿಡುತ್ತಾನೆ. ಬಿಟ್ಟೊಡನೆ ಅರಳಿದರೆ ಒಣ ಹತ್ತಿ, ಮುದ್ದೆಯಾಗಿಯೇ ಉಳಿದರೆ ಹಸಿ. ಅಷ್ಟು ಹೊತ್ತೂ ರೈತ ಅವನ ಮುಖವನ್ನೇ ನೋಡುತ್ತಿರುತ್ತಾನೆ. ಹಿಂದೆ ನಿಂತ ಹಮಾಲರು ತಮ್ಮ ಪಾಡಿಗೆ ಬೀಡಿ ಸೇದುತ್ತಿರುತ್ತಾರೆ, ಅವರಿಗೆ ಯಾವ ದರವಾದರೂ ಭಾರ ಅಷ್ಟೇ.

2024–25ರ ಹಂಗಾಮಿಗೆ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 7,521 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ಬೆಲೆಗೆ ಕೊಳ್ಳುವ ಭಾರತೀಯ ಹತ್ತಿ ನಿಗಮ ತೇವಾಂಶ ಶೇ 8ಕ್ಕಿಂತ ಹೆಚ್ಚಿದ್ದರೆ ದರ ಇಳಿಸುತ್ತದೆ, ಶೇ 12 ದಾಟಿದರೆ ಮುಟ್ಟುವುದೇ ಇಲ್ಲ. ನಾನು ಶಾಲು ಹೊದ್ದು ಸುಖಪಡುತ್ತಿದ್ದ ಇಬ್ಬನಿ ಹತ್ತಿಯ ಮೇಲೆ ಕೂತು ಇಲ್ಲಿ ಬೆಲೆ ಕಡಿಮೆ ಮಾಡಿಸುತ್ತಿತ್ತು. ಅದಕ್ಕೇ ಕೂಲಿಯವರು ಬೆಳಿಗ್ಗೆ ಬೇಗ ಬಂದರೂ ಹೊಲದವರು ಇಬ್ಬನಿ ಆರುವವರೆಗೆ ಹತ್ತಿ ಬಿಡಿಸಲು ಬಿಡುವುದಿಲ್ಲ ಎಂದು ಗೆಳತಿ ಹೇಳಿದಳು. ಹಗಲು ಮೊದಲೇ ಸಣ್ಣದು. ಬಿಡಿಸುವ ಕೂಲಿ ಕಿಲೋ ಲೆಕ್ಕ.

ಸಂಜೆ ದೇವಸೂಗೂರಿನ ಕಡೆ ಹೋದೆವು. ನಿಜಾಮನ ಕಾಲದಲ್ಲಿ ಕೃಷ್ಣೆಗೆ ಕಟ್ಟಿ 1943ರಲ್ಲಿ ಮುಗಿಸಿದ ಹಳೆಯ ಸೇತುವೆ, ಕಮಾನುಗಳ ಮೇಲೆ ನಿಂತದ್ದು. ಈಚೆಗೆ ಶಕ್ತಿನಗರದ ಚಿಮಣಿಗಳು. 1985ರಲ್ಲಿ ಮೊದಲ ಘಟಕ ಶುರುವಾದ ರಾಜ್ಯದ ಮೊದಲ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದು; ಈಗ ಎಂಟು ಘಟಕ, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಬೆಂಗಳೂರಿನಲ್ಲಿ ನಾವು ಸ್ವಿಚ್ಚು ಒತ್ತುವಾಗ ಇಲ್ಲಿ ಕಲ್ಲಿದ್ದಲು ಉರಿಯುತ್ತದೆ. ಹಾರುವ ಬೂದಿ ಇವರಿಗೆ. ದಂಡೆಯಲ್ಲಿ ನಿಂತು ಗೆಳತಿ ಹೇಳಿದ್ದು ಬೇರೆಯೇ ಮಾತು. ‘ಈ ಕಡಿ ಕೃಷ್ಣಾ, ಆ ಕಡಿ ತುಂಗಭದ್ರಾ. ನಡುವ ಕುಂತು ನಾವು ಕ್ಯಾನ್ ನೀರು ಕೊಂಡು ಕುಡಿತೀವಿ.’ 2022ರ ಬೇಸಿಗೆಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ರಾಯಚೂರು ನಗರದಲ್ಲಿ ಜನ ಸತ್ತರು. ಅದಾದ ಮೇಲೆ ನಲ್ಲಿಯನ್ನು ನಂಬುವುದು ಅವಳಿಗೆ ಆಗುತ್ತಿಲ್ಲ.

ಅದೇ ವರ್ಷದ ಮೇ 13ರಂದು ಏಮ್ಸ್ ಬೇಕೆಂದು ಇಲ್ಲಿ ಧರಣಿ ಶುರುವಾಯಿತು, ವರ್ಷಗಟ್ಟಲೆ ನಡೆಯಿತು. ಅದರ ಹಿಂದೆ ಹಳೆಯ ಗಾಯ ಇದೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಐಐಟಿ ರಾಯಚೂರಿಗೆ ಕೊಡಿ ಎಂದಿತ್ತು. 2016ರಲ್ಲಿ ಐಐಟಿ ಧಾರವಾಡಕ್ಕೆ ಹೋಯಿತು. ರಾಯಚೂರಿಗೆ 2019ರಲ್ಲಿ ಬಂದದ್ದು ಐಐಐಟಿ. ಒಂದು ‘ಐ’ ಹೆಚ್ಚೇ ಕೊಟ್ಟಿದ್ದಾರಲ್ಲ ಎಂದು ಊರಿನವರೇ ನಗುತ್ತಾರೆ. ಆ ನಗೆ ಅಷ್ಟು ಹಿತವಾಗಿ ಕೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಕೆಂಪು ಬಸ್ಸಿನಲ್ಲಿ ದೇವದುರ್ಗ. ನಮ್ಮಿಬ್ಬರಿಗೂ ಶೂನ್ಯ ದರದ ಟಿಕೆಟ್. ಬಸ್ಸಿನ ತುಂಬ ಹೆಂಗಸರು, ಗಂಡಸರು ಬಾಗಿಲಲ್ಲಿ ನೇತಾಡುತ್ತಿದ್ದರು. ಕಿಟಕಿಯ ಹೊರಗೆ ಕರಿ ಎರೆಭೂಮಿ, ಅದರ ಮೇಲೆ ಬಿಳಿ ಹತ್ತಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಕಡೆ ಒಮ್ಮೆಲೇ ಭತ್ತದ ಗದ್ದೆ. ಆಮೇಲೆ ಎಕರೆಗಟ್ಟಲೆ ಒಣಗಲು ಹರವಿದ ಕೆಂಪು ಮೆಣಸಿನಕಾಯಿ. ಬಸ್ಸಿನೊಳಗೆ ಒಬ್ಬರು ಸೀನಿದರೆ ಹಿಂದೆಯೇ ಹತ್ತು ಜನ. ದಾರಿಯಲ್ಲಿ ಗಬ್ಬೂರು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳೂ ಶಾಸನಗಳೂ ಊರಿನ ತುಂಬ ಚದುರಿವೆ. ಅವನ್ನು ನೋಡಲಿಕ್ಕೇ ಒಂದು ದಿನ ಬೇಕು, ನಾವು ಇಳಿಯಲಿಲ್ಲ.

ದೇವದುರ್ಗ ಒಂದು ಕಾಲಕ್ಕೆ ಬೇಡ ನಾಯಕರ ಗಟ್ಟಿ ನೆಲೆ. ಈಗ ಅದರ ಹೆಸರು ಪತ್ರಿಕೆಯಲ್ಲಿ ಬರುವುದು ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ, ನಂಜುಂಡಪ್ಪ ವರದಿಯಲ್ಲೂ ಅದು ‘ಅತ್ಯಂತ ಹಿಂದುಳಿದ’ ತಾಲ್ಲೂಕು. ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ರಾತ್ರಿ ಬಸ್ಸುಗಳು ಬಂದು ನಿಂತಿದ್ದವು. ಇಳಿಯುತ್ತಿದ್ದವರು ಗುಳೆ ಹೋಗಿದ್ದ ಜನ. ಎಳ್ಳಮಾಸಿಗೆಂದು ಊರಿಗೆ ಮರಳಿದ್ದರು: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪಾತ್ರೆ, ಸಿಮೆಂಟು ಚೀಲ ಹೊಲಿದು ಮಾಡಿದ ಕೈಚೀಲ, ತಲೆಗೆ ರಿಬ್ಬನ್ನು ಕಟ್ಟಿದ ಹೆಣ್ಣುಮಕ್ಕಳು. ಚಹಾ ಕುಡಿಯುತ್ತಾ ಪಕ್ಕದಲ್ಲಿ ಕೂತ ಹೆಂಗಸನ್ನು ಮಾತಿಗೆಳೆದೆ. ಸರ್ಜಾಪುರ ರಸ್ತೆಯಲ್ಲಿ ಸೆಂಟ್ರಿಂಗ್ ಕೆಲಸವಂತೆ ಗಂಡನಿಗೆ, ತಾನು ಇಟ್ಟಿಗೆ ಹೊರುತ್ತಾಳೆ.

‘ನಿಮ್ ಮನಿ ಎಲ್ಲೈತ್ರೀ ಅಕ್ಕಾರ?’ ಎಂದಳು. ನಾನು ಬಡಾವಣೆಯ ಹೆಸರು ಹೇಳಿದೆ.

‘ಆ ನೀರಿನ ಟಾಕಿ ಹಿಂದಿನ ನಾಕು ಬಿಲ್ಡಿಂಗು? ಅದರಾಗ ಎರಡು ನಾವ ಕಟ್ಟೀವಿ. ಮೂರನೇದಕ್ಕ ನೀರು ಸೋರತೈತೇನ್ರಿ? ಆವಾಗ ಭಾಳ ಗಡಿಬಿಡಿ ಮಾಡಿದ್ರು ಅವ್ರು.’

ಸೋರುತ್ತದೆ. ನಾನಿರುವುದು ಮೂರನೆಯದರಲ್ಲೇ. ನಮ್ಮ ನಿವಾಸಿಗಳ ಸಂಘ ಮೂರು ವರ್ಷದಿಂದ ಸಭೆ ಮಾಡಿ ಕಂಡುಹಿಡಿಯಲಾಗದ ಕಾರಣವನ್ನು ಅವಳು ಚಹಾ ಆರುವುದರೊಳಗೆ ಹೇಳಿದಳು. ಹತ್ತಿ ಬಿಡಿಸುವ ಕೆಲಸ ಇರುವವರೆಗೆ ಊರಲ್ಲಿದ್ದು ಸಂಕ್ರಾಂತಿ ಆದ ಮೇಲೆ ‘ಹೊಳ್ಳಿ ಹೋಗ್ತೀವಿ’ ಎಂದಳು. ಮಕ್ಕಳ ಶಾಲೆ? ‘ಒಬ್ಬಾಕಿ ಇಲ್ಲೇ ಮುತ್ಯಾನ ಹತ್ರ ಬಿಟ್ಟೀವಿ. ಸಣ್ಣಾಂವ ನಮ್ಮ ಕೂಡ ಬರ್ತಾನ.’ ಸಣ್ಣವನಿಗೆ ಶಾಲೆ ಇದೆಯೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾಕತೀಯರ ಗೋಡೆಯಲ್ಲಿ ಕಲ್ಲು ಎಳೆದವರಿಗೂ ಒಂದು ಚಿತ್ರ ಸಿಕ್ಕಿತ್ತು. ನಮ್ಮ ಅಪಾರ್ಟ್‌ಮೆಂಟಿನ ಬಾಗಿಲಲ್ಲಿರುವ ಗ್ರಾನೈಟ್ ಫಲಕದಲ್ಲಿ ಬಿಲ್ಡರ್ ಹೆಸರು, ವಾಸ್ತುವಿನವರ ಹೆಸರು, ಉದ್ಘಾಟಿಸಿದವರ ಹೆಸರು ಇವೆ.

ದೇವದುರ್ಗದಿಂದ ಸಿರವಾರದ ಮೇಲೆ ಮಾನ್ವಿಗೆ ಹೋಗುವಾಗ ಗೆಳತಿ ದಾಸರ ಕಥೆ ತೆಗೆದಳು. ಹರಿದಾಸ ಪರಂಪರೆಯ ಎರಡನೆಯ ಘಟ್ಟ ಎಂದು ಪಠ್ಯದಲ್ಲಿ ಓದಿದ್ದೇವಲ್ಲ, ಅದರ ಮೂವರು ದೊಡ್ಡವರು ಈ ಎರಡು ತಾಲ್ಲೂಕಿನವರೇ. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು (1728–1809) ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಒಂದು ದಿನದಲ್ಲಿ ಬಸ್ಸಿನಲ್ಲೇ ಸುತ್ತಿ ಬರುವಷ್ಟು ಹತ್ತಿರದ ಊರುಗಳು.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ಸದರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ಸುಳ್ಳು ಹೇಳಿ ತಪ್ಪಿಸಿಕೊಂಡರಂತೆ. ಸುಳ್ಳು ಹೊಟ್ಟೆನೋವು ನಿಜವಾಯಿತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ವಿಜಯದಾಸರ ಬಳಿಗೇ ಬಂದರೆ ಅವರು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಜೋಳದ ಭಕ್ಕರಿ ಕೊಟ್ಟು ವಾಸಿ ಮಾಡಿದರು. ಜೊತೆಗೆ ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಧಾರೆ ಎರೆದರು ಎಂಬುದು ಈ ಸೀಮೆಯವರ ನಂಬಿಕೆ. ಪಂಡಿತರು ದಾಸರಾದರು. ಭಾಮಿನಿ ಷಟ್ಪದಿಯಲ್ಲಿ, ಅದೂ ಕನ್ನಡದಲ್ಲೇ, ದ್ವೈತ ಸಿದ್ಧಾಂತವನ್ನೆಲ್ಲ ಬರೆದರು. ‘ನಮ್ಮ ಕಡಿ ಉಣ್ಣಾಕ ಕರದ್ರ ಒಲ್ಲೆ ಅನಬಾರದು, ಹೊಟ್ಟಿ ನೋಯತೈತಿ’ ಎಂದು ಗೆಳತಿ ಕಥೆ ಮುಗಿಸಿದಳು. ವರ್ಷಗಟ್ಟಲೆ ನಾನು ಹೇಳಿದ ನೆಪಗಳೆಲ್ಲ ಅವಳಿಗೆ ನೆನಪಿದ್ದವು. ಮಾನ್ವಿಯಲ್ಲಿ ದಾಸರ ಗುಡಿಗೆ ಹೋಗಿ ಕೈಮುಗಿದೆವು. ನಾನು ಸ್ವಲ್ಪ ಹೆಚ್ಚೇ ಬಗ್ಗಿದೆ.

ಹಳ್ಳಿಯ ಮನೆಯಲ್ಲಿ ಅವಳ ಅವ್ವ ಎರಡು ದಿನದಿಂದ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಎಳ್ಳು ಹಚ್ಚಿದ ತೆಳ್ಳನೆಯ ರೊಟ್ಟಿಗಳನ್ನು ಬಿದಿರ ಬುಟ್ಟಿಯಲ್ಲಿ ಬಿಳಿ ಬಟ್ಟೆ ಹಾಸಿ ಒಟ್ಟಿದ್ದರು, ಮರುದಿನಕ್ಕೆ ಕಡಕ್ ಆಗಲೆಂದು. ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ ಆಗಲೇ ಸಿದ್ಧ. ಹೋಳಿಗೆಗೆ ಹೂರಣ ಅರೆಯುತ್ತಿದ್ದರು. ಇವೆಲ್ಲ ಹೊಲಕ್ಕೆ. ಅಮಾವಾಸ್ಯೆಯ ದಿನ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಎಡೆ ಕಟ್ಟಿಕೊಂಡು ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಬೆಳೆ ತುಂಬಿದ ಭೂಮಿ ಬಸುರಿ, ಅವಳಿಗೆ ಬಯಕೆಯೂಟ. ಆಮೇಲೆ ಯಾರ ಹೊಲದಲ್ಲಿ ಯಾರಾದರೂ ಉಣ್ಣಬಹುದು.

‘ನಾಳಿ ಒಂದಿನ ಇದ್ದು ಹೋಗಬಾರದೇನವ್ವಾ?’ ಎಂದರು ಅವ್ವ. ಸೋಮವಾರ ಕಚೇರಿ ಇದೆ ಎಂದೆ. ‘ಹಬ್ಬಕ್ಕ ಮನಿಗಿ ಬಂದಾಕಿ ಹಬ್ಬ ಬಿಟ್ಟು ಹೊಂಟಾಳ, ಇದೆಂಥಾ ಆಫೀಸಪಾ’ ಎಂದು ಮಗಳಿಗೆ ಹೇಳಿ, ನನಗೆ ಹೊಲವನ್ನಾದರೂ ತೋರಿಸಿ ಬಾ ಎಂದು ಕಳಿಸಿದರು.

ಹೊಲದಲ್ಲಿ ಹಿಂಗಾರಿ ಬಿಳಿಜೋಳ ಎದೆಯೆತ್ತರ, ಪಕ್ಕದಲ್ಲಿ ಕಡಲೆ. ಹಸಿ ಕಡಲೆ ಗಿಡ ಕಿತ್ತು ಸುಲಿದು ತಿನ್ನುತ್ತಾ ಹೋದರೆ ಬೆರಳಿಗೆ ಹುಳಿ ಅಂಟುತ್ತದೆ. ಅದನ್ನು ನೆಕ್ಕುವುದೂ ತಿನ್ನುವುದರ ಭಾಗ. ಆಚೆ ಅವಳ ಅಣ್ಣನ ಭತ್ತದ ಗದ್ದೆ, ಅರ್ಧ ಮಾತ್ರ. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು 227 ಕಿಲೋಮೀಟರ್ ಬರುತ್ತದೆ. ಮಾನ್ವಿ, ಸಿರವಾರ, ರಾಯಚೂರು ಅದರ ಬಾಲ. ಮೇಲಿನವರು ಪಂಪು ಹಚ್ಚಿ ಎತ್ತಿಕೊಂಡ ಮೇಲೆ ಉಳಿದದ್ದು ಕೆಳಗಿನವರಿಗೆ. ನೀರಿನ ಹಂಗಾಮಿನಲ್ಲಿ ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 69ನೇ ಮೈಲಿನಲ್ಲಿ ಎಷ್ಟು ಗೇಜು, 104ನೇ ಮೈಲಿನಲ್ಲಿ ಎಷ್ಟು. ಕಳ್ಳತನ ತಡೆಯಲು ಕಾಲುವೆ ದಂಡೆಗೆ ನಿಷೇಧಾಜ್ಞೆ ಹಾಕುವುದು ಮಾಮೂಲಿ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋದಾಗ ಈ ಮನೆಯಲ್ಲಿ ಯಾರೂ ಮಲಗಲಿಲ್ಲವಂತೆ. ‘ಟಿವಿಯಾಗ ನೀರು ಹೋಗೂದು ನೋಡಿದ್ರ ನಮ್ ಭತ್ತ ಹೋದಂಗ ಅನಸ್ತಿತ್ತು’ ಎಂದರು ಅಣ್ಣ. ಅವರ ಸೋನಾ ಮಸೂರಿ ಅಕ್ಕಿಯನ್ನೇ ನಾನು ಬೆಂಗಳೂರಿನಲ್ಲಿ ಬ್ರ್ಯಾಂಡಿನ ಹೆಸರಲ್ಲಿ 25 ಕಿಲೋ ಚೀಲ ಕೊಳ್ಳುತ್ತೇನೆ. ಚೀಲದ ಮೇಲೆ ಒಬ್ಬ ನಟಿಯ ಚಿತ್ರ ಇರುತ್ತದೆ.

ನೋಡುವ ಜಾಗ ಎಷ್ಟಿವೆ ಎಂದು ಕೇಳಿದರೆ ರಾಯಚೂರು ಜಿಲ್ಲೆ ಸೋಲುವುದಿಲ್ಲ. ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕಿತು, ಹಟ್ಟಿಯಲ್ಲಿ ಈಗಲೂ ಚಿನ್ನ ತೆಗೆಯುತ್ತಾರೆ, ಮುದಗಲ್ಲಿನಲ್ಲಿ ಇನ್ನೊಂದು ಕೋಟೆ. ಆದರೆ ಬೋರ್ಡು, ಗೈಡು, ಶುಚಿಯಾದ ಶೌಚಾಲಯ, ಸಂಜೆ ಬೆಳಕಿನ ಪ್ರದರ್ಶನ ಬಯಸಿ ಹೋದರೆ ಬೈದುಕೊಂಡು ವಾಪಸ್ ಬರುತ್ತೀರಿ. ಪ್ರವಾಸಿಗನಿಗೆ ಆ ಊರು ಇನ್ನೂ ತಯಾರಾಗಿಲ್ಲ, ತಯಾರು ಮಾಡುವ ಆಸಕ್ತಿ ಸರ್ಕಾರಕ್ಕೂ ಕಂಡಿಲ್ಲ. ನೆಂಟರಿಗೆ ಮಾತ್ರ ಅದು ಎಂದಿನಿಂದಲೋ ತಯಾರಿದೆ. ಯಾರದಾದರೂ ಮನೆಗೆಂದು ಹೋಗಬೇಕು. ಶಿಕ್ಷೆಯ ವರ್ಗಾವಣೆಯ ಮಾತು ಈಗಲೂ ಕಚೇರಿಗಳಲ್ಲಿ ಕೇಳುತ್ತೇನೆ. ಮನಸ್ಸಿಲ್ಲದೆ ಬಂದು ದಿನ ಎಣಿಸಿ ಹೋಗುವ ಅಧಿಕಾರಿ, ಮೇಷ್ಟರು, ವೈದ್ಯರನ್ನು ವರ್ಷವರ್ಷ ಸಹಿಸುವವರು ರಾಯಚೂರಿನವರು. ಶಿಕ್ಷೆ ಯಾರಿಗೆ ಎಂಬುದನ್ನು ಅವರನ್ನೇ ಕೇಳಬೇಕು.

ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಶಿವರಾತ್ರಿ ದಾಟಿದರೆ ಬಿಸಿಲು ಶುರು. ಕೋಟೆಯ ಕಲ್ಲನ್ನು ಬೆಳಿಗ್ಗೆ ಎಂಟರೊಳಗೆ ನೋಡಿ. ಎಳ್ಳಮಾಸಿಗೆ ಒಂದು ದಿನ ರಜೆ ಹೆಚ್ಚು ಹಾಕಿ. ಅಲ್ಲಿ ನಮಗೆ ಪರಿಚಯದವರಿಲ್ಲ ಎನ್ನುವವರು ತಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ಒಂದು ನಿಮಿಷ ನಿಂತು, ಕೆಲಸದವರನ್ನು ಊರು ಯಾವುದೆಂದು ಕೇಳಿ. ದೇವದುರ್ಗದವರೋ ಮಾನ್ವಿಯವರೋ ಒಬ್ಬರಾದರೂ ಸಿಗುತ್ತಾರೆ. ಹಬ್ಬಕ್ಕೆ ಊರಿಗೆ ಯಾವತ್ತು ಹೋಗುತ್ತಾರೆಂದೂ ಕೇಳಿ.